ಶರಾವತಿಯ ಇಳಿತಕ್ಕೆ ಎದುರು ನಿಂತ ಕಾರ್ಬುರೇಟರ್

ಗ್ಯಾರೇಜಿಗೆ ಹೊಸದಾಗಿ ಕಾಲಿಡುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಎಂಜಿನ್ ಕೆಮ್ಮಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರಿನ ಮೇಲೆ ಬೀಳಬೇಡಿ. ಪಾಪ, ಅದು ಮನೆಯ ಕಿರಿಸೊಸೆ ಇದ್ದ ಹಾಗೆ. ಸಾರಿಗೆ ಉಪ್ಪು ಹೆಚ್ಚಾದರೂ ಅವಳೇ ಕಾರಣ, ಬಾವಿಹಗ್ಗ ಹರಿದರೂ ಅವಳೇ ಕಾರಣ. ನಿಜವಾದ ತಪ್ಪು ಹೆಚ್ಚಾಗಿ ಬೇರೆ ಎಲ್ಲೋ ಬೆಚ್ಚಗೆ ಕೂತಿರುತ್ತದೆ.

ಈಗಿನ ಗಾಡಿಗಳಲ್ಲಿ ಕಾರ್ಬುರೇಟರೇ ಇಲ್ಲ, ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಕೊಡುತ್ತದೆ ಎಂದು ನೀವು ನಗುತ್ತೀರಿ. ನಗಿ. ಟರ್ಬೋ ಎಂದರೆ ನಿಮಗೆ ಕಾರಿನ ಹಿಂಬದಿಗೆ ಅಂಟಿಸಿದ ಹೊಳೆಯುವ ಅಕ್ಷರ. ನಾವು ಅದೇ ಟರ್ಬೋವನ್ನು ಅರವತ್ತರ ದಶಕದ ಆರಂಭದಲ್ಲಿ, ಹೊನ್ನಾವರದ ಬಂದರಿನಲ್ಲಿ, ಕಾರ್ಬುರೇಟರ್ ಇದ್ದ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಕಟ್ಟಿ ಓಡಿಸಿದೆವು. ನಾನು ಎಷ್ಟು ವರ್ಷ ದುಡಿದೆ, ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಯಾರಿಗೂ ಬೇಡ. ಈ ಒಂದು ಕತೆ ಮಾತ್ರ ನೀವು ಕೇಳಲೇಬೇಕು. ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಾನು ಕೆಲಸ ಕಲಿತದ್ದು ಐವತ್ತರ ದಶಕದ ಕೊನೆಯಲ್ಲಿ, ಕುಮಟೆಯ ಒಂದು ಗ್ಯಾರೇಜಿನಲ್ಲಿ, ಪೆದ್ರು ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿ ಮೂಲತಃ ಹೊನ್ನಾವರದವರು, ಭಾನುವಾರ ಇಗರ್ಜಿಗೆ ಹೋಗುವಾಗಲೂ ಅವರ ಉಗುರಿನ ಸಂದಿಯ ಗ್ರೀಸು ಹೋಗಿರುತ್ತಿರಲಿಲ್ಲ. ಸಿಟ್ಟು ಬಂದರೆ "ಸಾಯ್ಬಾ ಭೊಗೊಸ್" ಎಂದು ದೇವರ ಕ್ಷಮೆಯನ್ನು ಮುಂಗಡವಾಗಿ ಕೇಳಿಕೊಂಡು ಆಮೇಲೆ ಬೈಯುತ್ತಿದ್ದರು. ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು ಎನ್ನಿಸುವಂಥ ಶಿಕ್ಷೆಗಳು ಅವರ ಬಳಿ ಇದ್ದವು.

ಒಮ್ಮೆ ಭಟ್ಕಳಕ್ಕೆ ಹೋಗುವ ಬಸ್ಸಿನ ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡುವ ಕೆಲಸ ನನಗೆ ಬಂತು. ಕಾರ್ಬುರೇಟರಿನ ಒಳಗೆ ಪೆಟ್ರೋಲು ನಿಲ್ಲುವ ಒಂದು ಬಟ್ಟಲು ಇರುತ್ತದೆ. ಬಟ್ಟಲಿನ ತಳದಿಂದ ಸೂಜಿಗಣ್ಣಿನಂಥ ಒಂದು ತೂತಿನ ಮೂಲಕ ಪೆಟ್ರೋಲು ಹೊರಟು, ಎಂಜಿನ್ ಎಳೆಯುವ ಗಾಳಿಗೆ ಸೇರುತ್ತದೆ. ಆ ತೂತಿನ ಹಿತ್ತಾಳೆ ತುಂಡಿಗೆ ಜೆಟ್ ಎಂದು ಹೆಸರು. ಅದರಲ್ಲಿ ಕಸ ಕೂತಿತ್ತು. ನಾನು ಜಾಣ, ಉಕ್ಕಿನ ತಂತಿ ತೂರಿಸಿ ಗರಗರ ತಿರುಗಿಸಿ ಕನ್ನಡಿಯಂತೆ ಮಾಡಿದೆ. ಬಸ್ಸು ಹೊರಟಿತು, ಪರೀಕ್ಷೆಗೆಂದು ನಾನೂ ಹತ್ತಿದೆ. ಮಂಕಿಗೆ ಬರುವಷ್ಟರಲ್ಲಿ ಟ್ಯಾಂಕು ಖಾಲಿ! ತೂತು ದೊಡ್ಡದಾಗಿ ಎಂಜಿನ್ ಪೆಟ್ರೋಲನ್ನು ಎಳನೀರಿನಂತೆ ಕುಡಿದುಬಿಟ್ಟಿತ್ತು. ಬಸ್ಸಿನಲ್ಲಿದ್ದ ಮದುವೆ ದಿಬ್ಬಣದವರು ನನ್ನನ್ನು ಯಾವ ಮಾತಿನಲ್ಲಿ ಹರಸಿದರು ಎಂದು ಇಲ್ಲಿ ಬರೆಯುವುದಿಲ್ಲ.

ಮೇಸ್ತ್ರಿ ಹಿಂದಿನ ಬಸ್ಸಿನಲ್ಲಿ ಬಂದರು. ಜೆಟ್ಟನ್ನು ನನ್ನ ಅಂಗೈಯಲ್ಲಿಟ್ಟು, "ಸೂರ್ಯನಿಗೆ ಹಿಡಿದು ನೋಡು. ಎಂತ ಕಾಣ್ತದೆ?" ಎಂದರು. ತೂತು ಮೊಟ್ಟೆಯಂತೆ ಉದ್ದವಾಗಿತ್ತು. "ಇದಕ್ಕೆ ಬಾಯಿಂದ ಊದಬೇಕು. ಹೋಗದಿದ್ರೆ ಹಿಡಿಕಡ್ಡಿ. ತಂತಿ ಹಾಕಿದವ ಮೆಕ್ಯಾನಿಕ್ ಅಲ್ಲ, ಕಿವಿ ಚುಚ್ಚುವವ" ಎಂದರು. ಆ ಮಳೆಗಾಲ ಪೂರ್ತಿ ನನಗೆ ಬೇರೆ ಕೆಲಸವಿಲ್ಲ. ಗ್ಯಾರೇಜಿಗೆ ಬಂದ ಜೆಟ್ಟನ್ನೆಲ್ಲ ಊದುವುದು. ಮನೆಯಲ್ಲಿ ಬಂಗಡೆ ಸಾರು ಬಡಿಸಿದರೂ ನನಗೆ ಪೆಟ್ರೋಲಿನ ರುಚಿಯೇ. ಆದರೆ ಮಳೆ ಮುಗಿಯುವಷ್ಟರಲ್ಲಿ ತುಟಿಗೆ ತಾಗಿದ ಗಾಳಿಯ ಒತ್ತಿನಲ್ಲೇ ಜೆಟ್ ಯಾವ ಅಳತೆಯದು ಎಂದು ಹೇಳುವಷ್ಟು ಆಗಿದ್ದೆ.

ಆ ಊದುವ ಬುದ್ಧಿ ಇದ್ದವ ಎಂಬ ಕಾರಣಕ್ಕೇ ಪೆದ್ರು ಮೇಸ್ತ್ರಿ ನನ್ನನ್ನು ಖಾದಿರ್ ಸಾಹೇಬರ ಲಾಂಚಿಗೆ ಕಳಿಸಿದ್ದು. ಖಾದಿರ್ ಸಾಹೇಬರು ಭಟ್ಕಳದವರು. ಮನೆಯಲ್ಲಿ ನವಾಯತಿ, ಬಂದರಿನಲ್ಲಿ ಕನ್ನಡ, ಸಿಟ್ಟಿಗೆ ಉರ್ದು. ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳಕ್ಕೆ ಹೋಗುವ ಬಸ್ಸು ಹೊನ್ನಾವರದ ದಡಕ್ಕೆ ಬಂದು, ಎರಡು ದೊಡ್ಡ ದೋಣಿಗಳ ಮೇಲೆ ಹಲಗೆ ಹಾಸಿದ ಜಂಗಲ್ ಏರಬೇಕು. ಜಂಗಲನ್ನು ಸಾಹೇಬರ ಲಾಂಚು ಎಳೆದು ಆಚೆ ಬದಿಯ ಕಾಸರಕೋಡಿನ ದಡ ಮುಟ್ಟಿಸಬೇಕು. ಬೇಸಿಗೆಯಲ್ಲಿ ಅದು ಮದುವೆ ಮೆರವಣಿಗೆಯಷ್ಟು ಸಲೀಸು. ಮಳೆಗಾಲದಲ್ಲಿ ಕೆಂಪು ನೀರು ಮೇಲಿಂದ ನುಗ್ಗುವಾಗ, ಅದರ ಜೊತೆಗೆ ಸಮುದ್ರದ ಇಳಿತವೂ ಸೇರಿಕೊಂಡರೆ, ಹೊಳೆ ಎಲ್ಲವನ್ನೂ ಅಳಿವೆಗೆ ಎಳೆಯುತ್ತದೆ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಬಾಯಿ. ಅಲ್ಲಿಗೆ ಹೋದ ಜಂಗಲ್ ತಿರುಗಿ ಬರುವುದಿಲ್ಲ.

ಲಾಂಚಿನ ತಾಂಡೇಲ, ಎಂದರೆ ಚುಕ್ಕಾಣಿ ಹಿಡಿಯುವವ, ಜಟ್ಟಿ ಖಾರ್ವಿ. ಅವನ ಅಪ್ಪ ಇದೇ ಕಡವಿನಲ್ಲಿ, ಎಂದರೆ ಹೊಳೆ ದಾಟಿಸುವ ಜಾಗದಲ್ಲಿ, ಹುಟ್ಟು ಹಾಕಿದವ, ಅಜ್ಜನೂ ಅಷ್ಟೇ. ಹಿಂದಿನ ಮಳೆಗಾಲದಲ್ಲಿ ಜನ ತುಂಬಿದ ಬಸ್ಸನ್ನು ಎಳೆದು ಹೊರಟಾಗ ಎಂಜಿನ್ ಇಳಿತಕ್ಕೆ ಸೋತಿತು. ಲಾಂಚು, ಜಂಗಲ್, ಬಸ್ಸು ಮೂರೂ ಅಳಿವೆಯ ಕಡೆ ಜಾರಿದವು. ಜಟ್ಟಿ ಲಂಗರು ಹಾಕಿ, ಮರಳದಿಬ್ಬಕ್ಕೆ ಸಿಕ್ಕಿಸಿ, ಎಲ್ಲರನ್ನೂ ಉಳಿಸಿದ. ಉಳಿಸಿದ್ದನ್ನು ಯಾರೂ ಹೇಳಲಿಲ್ಲ. "ಜಟ್ಟಿ ನಮಗೆ ಅಳಿವೆ ತೋರಿಸಿದ" ಎಂದರು. ಕಾಸರಕೋಡಿನ ಮೀನು ಮಾರುವ ಹೆಂಗಸರು ಅಂದಿನಿಂದ ಲಾಂಚು ಹತ್ತಲಿಲ್ಲ. ಬುಟ್ಟಿ ಹೊತ್ತು ಪಕ್ಕದ ಕೈದೋಣಿಯಲ್ಲಿ ಕೂತು, ಇವನ ಮುಂದೆಯೇ ದಾಟುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ದೇವಕಿ, ಸಂಬಂಧದಲ್ಲಿ ಜಟ್ಟಿಗೆ ಅತ್ತೆಯಾಗಬೇಕು. ಅವಳೂ ಹತ್ತಲಿಲ್ಲ. ಜಟ್ಟಿ ಚಾದಂಗಡಿಗೆ ಹೋಗುವುದನ್ನೇ ಬಿಟ್ಟಿದ್ದ. ಲಾಂಚಿನವರಿಗೆ ಈಗ ನಾನೇ ಮೇಸ್ತ್ರಿ. ನನ್ನ ಹತ್ತಿರ ಒಮ್ಮೆ ಹೇಳಿದ: "ಮೇಸ್ತ್ರಿ, ಹೊಳೆ ನುಂಗಿದ್ರೆ ಒಂದು ದಿನದ ದುಃಖ. ಇದು ದಿನಾ."

ಬಂದರಿನ ಸಾಹೇಬರು, ಎಂದರೆ ಬಂದರಿನ ಸರಕಾರಿ ಅಧಿಕಾರಿ, ಬಂದು ಅಪ್ಪಣೆ ಕೊಟ್ಟರು: ಮುಂದಿನ ಮಳೆಗಾಲದ ಮೊದಲಲ್ಲಿ, ಜೋರು ಇಳಿತದ ಹೊತ್ತಿಗೇ, ಭಾರ ತುಂಬಿದ ಬಸ್ಸನ್ನು ದಾಟಿಸಿ ತೋರಿಸಬೇಕು. ಕಾಸರಕೋಡಿನ ಕಟ್ಟೆಯನ್ನೇ ಮುಟ್ಟಬೇಕು. ಆಗದಿದ್ದರೆ ಕಡವು ಬೇರೆಯವರಿಗೆ, ಅವರ ಲಾಂಚು, ಅವರ ತಾಂಡೇಲ. ಖಾದಿರ್ ಸಾಹೇಬರಿಗೆ ಇನ್ನೂ ಎರಡು ದೋಣಿ ಇದ್ದವು, ಹೇಗೋ ನಡೆದೀತು. ಜಟ್ಟಿಗೆ ಮಾತ್ರ ಇನ್ನೊಂದು ಅವಕಾಶ ಇರಲಿಲ್ಲ. ಸೋತ ತಾಂಡೇಲನಿಗೆ ಈ ಕರಾವಳಿಯಲ್ಲಿ ಯಾರೂ ಚುಕ್ಕಾಣಿ ಕೊಡುವುದಿಲ್ಲ.

ಹೊಸ ಡೀಸೆಲ್ ಎಂಜಿನ್ ತರಿಸೋಣವೆಂದರೆ ಹೊರದೇಶದ ಸರಕು ಸಿಗುವ ಕಾಲ ಅದಲ್ಲ. "ಅದು ಬರುವಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ಗಡ್ಡ ಬಂದಿರ್ತದೆ" ಎಂದರು ಖಾದಿರ್ ಸಾಹೇಬರು. ನಮ್ಮಲ್ಲಿದ್ದದ್ದು ಯುದ್ಧಕಾಲದ ಲಾರಿಯಿಂದ ಬಿಚ್ಚಿ ತಂದ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಎದೆಯಲ್ಲಿ ಇದ್ದ ಶಕ್ತಿಯನ್ನೆಲ್ಲ ನಾನು ಆಗಲೇ ಹಿಂಡಿದ್ದೆ.

ಆಗ ಬಂದವರು ಮೂರ್ತಿ. ಘಟ್ಟದ ಮೇಲೆ ಶರಾವತಿಗೆ ಅಣೆಕಟ್ಟು ಕಟ್ಟುವ ಕೆಲಸದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮೈಸೂರು ಕಡೆಯ ಎಂಜಿನಿಯರು. ಸಮುದ್ರದ ಹುಚ್ಚು. ರಜೆ ಸಿಕ್ಕಿತೆಂದರೆ ಘಟ್ಟ ಇಳಿದು, ನಮ್ಮ ಲಾಂಚಿನಲ್ಲಿ ದಾಟಿ, ಅಪ್ಸರಕೊಂಡದ ಕಡಲಲ್ಲಿ ಬಿದ್ದು ಹೊರಳಾಡಿ ಹೋಗುವವರು. ಎಂಜಿನ್ನಿನ ಏದುಸಿರು ಕೇಳಿ ಒಮ್ಮೆ ಕೆಳಗೆ ಇಳಿದೇ ಬಂದರು.

"ಇದಕ್ಕೆ ಒಂದು ಟರ್ಬೋ ಕಟ್ಟಿಬಿಟ್ರೆ ಹೇಗಿರತ್ತೆ ಗೊತ್ತಾ?" ಎಂದರು. ಅವರ ಕಣ್ಣು ಜಾತ್ರೆಯಲ್ಲಿ ಬೆಂಡು ಬತ್ತಾಸು ಕಂಡ ಮಕ್ಕಳ ಕಣ್ಣಿನಂತಿತ್ತು.

ಟರ್ಬೋ ಎಂಬ ಶಬ್ದ ನಾನು ಕೇಳಿದ್ದು ಅದೇ ಮೊದಲು. ಎಂಜಿನ್ ಉಗುಳುವ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ. ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚು, ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚು, ಶಕ್ತಿ ಹೆಚ್ಚು. ಬಿಸಾಡುವ ಹೊಗೆಯಿಂದ ಬಲ! ಕೇಳಿದ ಮೇಲೆ ನನಗೆ ಊಟ ರುಚಿಸಲಿಲ್ಲ. ಅಣೆಕಟ್ಟಿನ ಗುಜರಿ ಹರಾಜಿನಲ್ಲಿ, ಕೆಟ್ಟು ಕೂತ ಡೀಸೆಲ್ ಯಂತ್ರವೊಂದರ ಸಣ್ಣ ಟರ್ಬೋವನ್ನು ಖಾದಿರ್ ಸಾಹೇಬರು ಹಿಡಿದು ತಂದರು. ನೋಡಲು ದೊಡ್ಡ ಬಸವನಹುಳದ ಹಾಗಿತ್ತು. ಬೆರಳಲ್ಲಿ ತಟ್ಟಿದರೆ ಒಳಗಿನ ಚಕ್ರ ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಜಟ್ಟಿ ಅದನ್ನು ಮುಟ್ಟಿ ಕೈ ಮುಗಿದ.

ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರ್ ಇಲ್ಲ. ನಮ್ಮದಕ್ಕೆ ಇದೆ. ಕಾರ್ಬುರೇಟರ್ ಟರ್ಬೋದ ಹಿಂದೆ ಇರಬೇಕೋ ಮುಂದೆ ಇರಬೇಕೋ? ಇಲ್ಲಿಂದ ಶುರುವಾಯಿತು ನನ್ನ ಮತ್ತು ಮೂರ್ತಿಯವರ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಮ್ಮಲ್ಲಿ ಎತ್ತು ಯಾರು, ಕೋಣ ಯಾರು ಎಂಬುದನ್ನು ಹೊನ್ನಾವರದವರು ದಿನಕ್ಕೊಂದು ಥರ ಹೇಳುತ್ತಿದ್ದರು.

ಮೊದಲು ಅವರ ಮಾತಿನಂತೆ ನಡೆಯಿತು. ಕಾರ್ಬುರೇಟರ್ ಮೊದಲು, ಆಮೇಲೆ ಟರ್ಬೋ. ಪೆಟ್ರೋಲು ಬೆರೆತ ಗಾಳಿಯನ್ನೇ ಟರ್ಬೋ ಒತ್ತಿ ಕಳಿಸಲಿ ಎಂದು. ಎಂಜಿನ್ ಎಬ್ಬಿಸಿದ್ದೇ ತಡ, ಹೊನ್ನಾವರದ ದಡವೆಲ್ಲ ನೀಲಿ ಹೊಗೆ. ಥ್ರಾಟಲ್, ಎಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಕದ, ಮುಚ್ಚಿದಾಗ ಎಂಜಿನ್ ಎಳೆಯುವ ಎಳೆತ ಟರ್ಬೋದ ಬೇರಿಂಗಿನ ಎಣ್ಣೆಯನ್ನೇ ಹೀರಿ ಸುಡುತ್ತಿತ್ತು. ಡೀಸೆಲ್ಲಿಗೆ ಮಾಡಿದ ಟರ್ಬೋಗೆ ಆ ಎಳೆತ ತಡೆಯುವ ಸೀಲೇ ಇರಲಿಲ್ಲ. ಕೈದೋಣಿಯಲ್ಲಿ ದಾಟುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿ ಕೂಗಿದರು: "ಜಟ್ಟೀ, ಸೊಳ್ಳೆ ಓಡ್ಸೂಕೆ ಎಂತ ಸುಟ್ಯೋ?"

ಇನ್ನು ನನ್ನ ಸರದಿ. ಕಾರ್ಬುರೇಟರನ್ನು ಅದರ ಹಳೆಯ ಜಾಗದಲ್ಲೇ ಇಟ್ಟೆ. ಟರ್ಬೋದಿಂದ ಬರುವ ಗಾಳಿಯನ್ನು ದಪ್ಪ ರಬ್ಬರ್ ಕೊಳವೆಯಲ್ಲಿ ತಂದು ಅದರ ಬಾಯಿಗೆ ಕಟ್ಟಿದೆ. ನೀಲಿ ಹೊಗೆ ನಿಂತಿತು. ಮೀಸೆ ತಿರುವಿ ಮೂರ್ತಿಯವರ ಕಡೆ ನೋಡಿದೆ. ಥ್ರಾಟಲ್ ಕೊಟ್ಟೆ. ಟರ್ಬೋ ಸಿಳ್ಳೆ ಹಾಕಿತು, ಮೈ ಜುಮ್ಮೆಂದಿತು, ಎಂಜಿನ್ ಒಮ್ಮೆ ಎದ್ದು ನಿಂತಂತಾಗಿ ಪುಸ್ಸೆಂದು ಸತ್ತಿತು. ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿತು. ಗಾಳಿಯ ಒತ್ತಡ ಬಂದ ಕೂಡಲೇ ಪೆಟ್ರೋಲು ಬರುವುದು ನಿಲ್ಲುತ್ತಿತ್ತು.

ಜೆಟ್ ಸಣ್ಣದಾಯಿತು ಎಂದುಕೊಂಡೆ. ಊದಿ ನೋಡಿ ದೊಡ್ಡದೊಂದು ಹಾಕಿದೆ. ನಿಧಾನದಲ್ಲಿ ಕರಿಹೊಗೆ, ಜೋರಿನಲ್ಲಿ ಅದೇ ಸಾವು. ಇನ್ನೂ ದೊಡ್ಡದು ಹಾಕಿದೆ. ಲಾಂಚು ಮಸಿಯ ಗೂಡಾಯಿತು, ಗುಣವಾಗಲಿಲ್ಲ. ಕೊನೆಗೆ ಬಟ್ಟಲಿನ ಮುಚ್ಚಳ ನೋಡುತ್ತೇನೆ, ಅದರ ಮೇಲಿನ ಸಣ್ಣ ಉಸಿರುತೂತಿಗೆ ಜಟ್ಟಿ ಜೇನುಮೇಣ ಮೆತ್ತಿದ್ದಾನೆ! ಉಪ್ಪುನೀರಿನ ಹನಿ ಒಳಗೆ ಹೋಗಬಾರದೆಂದು ನಮ್ಮ ಲಾಂಚಿನವರೆಲ್ಲ ಮಾಡುತ್ತಿದ್ದ ಪದ್ಧತಿ ಅದು. ಮುಚ್ಚಳದ ಸಂದಿಯಿಂದ ನುಸುಳುವ ಗಾಳಿಯಲ್ಲೇ ಅದುವರೆಗೆ ಎಂಜಿನ್ ಹೇಗೋ ಓಡುತ್ತಿತ್ತು. ಆ ತೂತಿನಿಂದ ಗಾಳಿ ಬಂದು ಬಟ್ಟಲಿನ ಪೆಟ್ರೋಲಿನ ಮೇಲೆ ಒತ್ತಿದರಷ್ಟೇ ಅದು ಜೆಟ್ಟಿನಿಂದ ಹೊರಡುವುದು. "ಉಸಿರು ಕಟ್ಟಿಸಿ ಓಡು ಅಂದ್ರೆ ಓಡ್ತದನಾ?" ಎಂದು ಅವನ ಮೇಲೆ ಹಾರಾಡಿದೆ. ಮೇಣ ಕಿತ್ತೆ. ಖಾದಿರ್ ಸಾಹೇಬರನ್ನು ಕರೆದು, ಈಗ ನೋಡಿ ಎಂದು ಥ್ರಾಟಲ್ ಎಳೆದೆ.

ಆ ತೂತಿನಿಂದ ಪೆಟ್ರೋಲು ಕಾರಂಜಿಯಾಗಿ ಚಿಮ್ಮಿ ಸಾಹೇಬರ ಬಿಳಿ ಟೊಪ್ಪಿ, ಗಡ್ಡ, ಜುಬ್ಬಾ ಎಲ್ಲ ತೋಯಿಸಿತು. ಪುಣ್ಯಕ್ಕೆ ಅವರ ಬಾಯಲ್ಲಿದ್ದ ಬೀಡಿಯೂ ಅದರಲ್ಲೇ ನೆನೆದು ಆರಿಹೋಯಿತು. ಸಾಹೇಬರು ಕಣ್ಣು ಮುಚ್ಚಿಕೊಂಡೇ, "ಮೇಸ್ತ್ರಿ, ನಾನು ಇನ್ನೂ ಇದ್ದೇನಾ?" ಎಂದು ಕೇಳಿದರು.

ಮುಚ್ಚಿದರೆ ಸಾಯುತ್ತದೆ, ತೆರೆದರೆ ಉಗುಳುತ್ತದೆ. ನನಗೆ ಅಳು ಬರುವುದೊಂದು ಬಾಕಿ. ಎಲ್ಲರಿಗೂ ಚಾ ಮಾಡೋಣವೆಂದು ಲಾಂಚಿನಲ್ಲಿದ್ದ ಪಂಪ್ ಸ್ಟೋವನ್ನು ದಡಕ್ಕೆ ಒಯ್ದು ಕೂತೆ. ಎರಡು ಬಾರಿ ಪಂಪ್ ಹೊಡೆದೆ. ಟ್ಯಾಂಕಿನೊಳಗೆ ಗಾಳಿ ಒತ್ತಿತು, ಸೀಮೆಎಣ್ಣೆ ಮೇಲೇರಿ ಬರ್ನರಿಗೆ ಬಂತು. ನನ್ನ ಕೈ ಅಲ್ಲೇ ನಿಂತಿತು. ತಲೆ ಎತ್ತಿದರೆ ಮೂರ್ತಿಯವರೂ ನನ್ನ ಕೈಯನ್ನೇ ನೋಡುತ್ತಿದ್ದರು.

"ಬಟ್ಟಲಿಗೂ ಅದೇ ಗಾಳಿ!" ಎಂದೆ ನಾನು. "ಎರಡೂ ಕಡೆ ಸಮ ಒತ್ತಡ ಕಣ್ರೀ!" ಎಂದು ಅವರು ಕುಣಿದರು. ಇಬ್ಬರೂ ಒಟ್ಟಿಗೆ ಕೂಗಿದ್ದಕ್ಕೆ ಜಟ್ಟಿ ಬೆಂಕಿಯೇ ಬಿತ್ತೆಂದು ಬಾಲ್ದಿ ಹಿಡಿದು ಓಡಿಬಂದ.

ಎಷ್ಟು ಸರಳ ನೋಡಿ. ಟರ್ಬೋ ಕಾರ್ಬುರೇಟರಿನ ಬಾಯಿಗೆ ಒತ್ತುತ್ತಿದೆ, ಬಟ್ಟಲಿನ ಮೇಲೆ ಒತ್ತುತ್ತಿಲ್ಲ. ಒಂದು ಕಡೆಯಿಂದ ಮಾತ್ರ ತಳ್ಳಿದರೆ ಪೆಟ್ರೋಲು ಹಿಂದಕ್ಕೇ ಓಡುತ್ತದೆ. ಉಸಿರುತೂತಿಗೆ ತಾಮ್ರದ ನಳಿಗೆ ಬೆಸೆದು ಟರ್ಬೋದ ಗಾಳಿಯನ್ನು ಅಲ್ಲಿಗೂ ಕೊಟ್ಟೆವು. ಪೆಟ್ರೋಲು ತಳ್ಳುವ ಪಂಪಿನ ಪರದೆಯ ಹಿಂಬದಿಗೂ ಅದೇ ನಳಿಗೆಯ ಕವಲು. ಇಲ್ಲದಿದ್ದರೆ ಒತ್ತಡ ತುಂಬಿದ ಬಟ್ಟಲಿಗೆ ಪಂಪು ಪೆಟ್ರೋಲು ತುಂಬಲಾರದು. ಬಟ್ಟಲಲ್ಲಿ ತೇಲುವ ತೆಳು ಹಿತ್ತಾಳೆಯ ಗುಂಡು ಮಾತ್ರ ಆ ಒತ್ತಡಕ್ಕೆ ನಜ್ಜುಗುಜ್ಜಾಗಿ ಮುಳುಗಿತು. ಜಟ್ಟಿ ತನ್ನ ಬಲೆಯ ಮರದ ಬೆಂಡೊಂದನ್ನು ಕೆತ್ತಿ ಕೊಟ್ಟ, ಚಿನ್ನದ ಕೆಲಸದ ಸೊನಗಾರರ ಅರಗು ಬಳಿದು ಕೂರಿಸಿದೆವು. ಅದು ಚೆನ್ನಾಗಿ ತೇಲಿತು. ಆಮೇಲೆ ಜೆಟ್ಟುಗಳನ್ನು ಊದಿ ಊದಿ ಬದಲಿಸಿ, ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣ ನೋಡಿ ಹದ ಹಿಡಿದೆ. ತುದಿ ಬಿಳಿಯಾದರೆ ಪೆಟ್ರೋಲು ಸಾಲದು, ಕಪ್ಪಾದರೆ ಹೆಚ್ಚು. ಹುರಿದ ಗೇರುಬೀಜದ ಬಣ್ಣ ಬಂದ ದಿನ ಥ್ರಾಟಲ್ ಎಳೆದಾಗ ಲಾಂಚಿನ ಮೂತಿ ನೀರಿನಿಂದ ಮೇಲೆದ್ದಿತು! ಕಟ್ಟಿದ ಹಗ್ಗ ಪಟ್ಟೆಂದು ಹರಿದು ನಾವು ಹೊಳೆಯ ನಡುವೆ ಹೋಗಿದ್ದೆವು. ನಾನೂ ಮೂರ್ತಿಯವರೂ ಅಪ್ಪಿಕೊಂಡು ಕುಣಿದೆವು. ಓದಿದವರ ಬಗ್ಗೆ ನನಗಿದ್ದ ಅಸಡ್ಡೆ ಅಂದೇ ಹೊಳೆಗೆ ಬಿತ್ತು.

ಪರೀಕ್ಷೆಯ ದಿನ ಬಂತು. ಅಮಾವಾಸ್ಯೆ ಕಳೆದ ಬೆಳಿಗ್ಗೆ, ಮೇಲೆ ಮಳೆ, ಕೆಳಗೆ ಭಾರೀ ಇಳಿತ. ಹೊಳೆ ಕೆಮ್ಮಣ್ಣು ಕಲಸಿಕೊಂಡು ಗುಡುಗುಡು ಎನ್ನುತ್ತಿತ್ತು. ಬಸ್ಸಿನಲ್ಲಿ ಮರಳು ಚೀಲ ತುಂಬಿ ಜಂಗಲ್ ಮೇಲೆ ಏರಿಸಿದರು. ಬಂದರಿನ ಸಾಹೇಬರು ಕೊಡೆ ಬಿಚ್ಚಿ ಅದೇ ಜಂಗಲ್ ಮೇಲೆ ನಿಂತರು. ಅಂಜುವ ಮನುಷ್ಯ ಅಲ್ಲ, ಒಪ್ಪಬೇಕು. ಹೊನ್ನಾವರದ ದಡದಲ್ಲಿ ಖಾದಿರ್ ಸಾಹೇಬರು ಜಪಮಾಲೆ ಹಿಡಿದು ನಿಂತಿದ್ದರು. ಆಚೆ ಕಾಸರಕೋಡಿನ ಕಟ್ಟೆಯಲ್ಲಿ ಮೀನಿನ ಹೆಂಗಸರ ಸಾಲು. ಆ ನೀರಿಗೆ ಕೈದೋಣಿ ಇಳಿಸುವಂತಿರಲಿಲ್ಲ. ಹೊನ್ನಾವರದ ಸಂತೆಗೆ ಹೋಗಲಾಗದೆ ಬುಟ್ಟಿಗಳ ಮೇಲೆ ತಟ್ಟೆ ಮುಚ್ಚಿ ಕಾಯುತ್ತಿದ್ದರು. ಜಟ್ಟಿ ಚುಕ್ಕಾಣಿಯಲ್ಲಿ, ನಾನು ಮತ್ತು ಮೂರ್ತಿಯವರು ಎಂಜಿನ್ ಗುಂಡಿಯಲ್ಲಿ.

"ಎಂತ ಜಟ್ಟಿ, ಹೋಗ್ವನಾ?" ಎಂದೆ.

"ಹೋಗ್ವ. ಇವತ್ತು ಒಂದೋ ಕಾಸರಕೋಡು, ಇಲ್ಲಾಂದ್ರೆ ಅರಬ್ಬಿ ಸಮುದ್ರ."

ಹಗ್ಗ ಬಿಚ್ಚಿದರು. ಜಟ್ಟಿ ಮೂತಿಯನ್ನು ನೇರ ಆಚೆ ದಡಕ್ಕೆ ಹಿಡಿಯದೆ ಹೊಳೆಯ ಮೇಲ್ಭಾಗಕ್ಕೆ ತಿರುಗಿಸಿ ಹಿಡಿದ. ಥ್ರಾಟಲ್ ಕೊಟ್ಟೆ. ಟರ್ಬೋದ ಸಿಳ್ಳೆ ಏರಿತು, ಒತ್ತಡ ತೋರಿಸುವ ಮೀಟರಿನ ಮುಳ್ಳು ಮೇಲೆ ಹೋಯಿತು, ಹಗ್ಗ ಬಿಗಿದು ಜಂಗಲ್ ಹಿಂದೆ ಬಂತು. ಇಳಿತ ಎಳೆಯುತ್ತಿದೆ, ನಾವು ಜಗ್ಗುತ್ತಿಲ್ಲ! ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

ನಡುಹೊಳೆ ಮುಟ್ಟಿದ್ದೆವು. ಇದ್ದಕ್ಕಿದ್ದಂತೆ ಎಂಜಿನ್ನಿನ ಒಳಗೆ ಕಂಚುಗಾರ ಕೂತ ಹಾಗೆ ಟಣ್ ಟಣ್ ಟಣ್ ಎಂದು ಬಡಿತ ಶುರುವಾಯಿತು. ಸಿಲಿಂಡರಿನ ತಲೆ ಹಾರುವಂಥ ಬಡಿತ. ಬೇರಿಂಗು ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮೂಗಿಗೆ ವಾಸನೆ ಬಂತು. ಸೀಮೆಎಣ್ಣೆ!

ಹಳೆಯ ಕಾಲದಲ್ಲಿ ಲಾಂಚುಗಳನ್ನೆಲ್ಲ ಪೆಟ್ರೋಲಿನಲ್ಲಿ ಎಬ್ಬಿಸಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ತಿರುಗಿಸುವ ಹಿಡಿ ತಾಂಡೇಲನ ಮೊಣಕಾಲಿನ ಹತ್ತಿರ. ಟರ್ಬೋ ಕಟ್ಟಿದ ಮೇಲೆ ಭಾರ ಎಳೆಯುವಾಗ ಅದನ್ನು ಮುಟ್ಟಕೂಡದು, ಆ ಒತ್ತಡಕ್ಕೆ ಸೀಮೆಎಣ್ಣೆ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ ಒಡೆಯುತ್ತದೆ ಎಂದು ಜಟ್ಟಿಗೆ ನಾನು ಹೇಳಿದ್ದೆ, ಅವನೂ ಆಣೆ ಇಟ್ಟು ಒಪ್ಪಿದ್ದ. ಆದರೆ ವರ್ಷಗಟ್ಟಲೆ ನಡುಹೊಳೆಗೆ ಬಂದ ಕೂಡಲೇ ಹಿಡಿ ತಿರುಗಿಸಿದ ಕೈ ಅದು. ಕಣ್ಣು ಅಳಿವೆಯ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ತಿರುಗಿಸಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

"ಹಿಡಿ! ಜಟ್ಟೀ, ಹಿಡಿ ನೋಡು!" ಎಂದು ಕಿರುಚಿದೆ. ಅವನು ಕೆಳಗೆ ನೋಡಿದ. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ. ತಕ್ಷಣ ತಿರುಗಿಸಿದ. ಆದರೆ ಬಟ್ಟಲು ತುಂಬ ಸೀಮೆಎಣ್ಣೆ ಇದೆಯಲ್ಲ! ಅದು ಮುಗಿಯುವವರೆಗೆ ಪೆಟ್ರೋಲು ಬರುವುದಿಲ್ಲ, ಅಷ್ಟರಲ್ಲಿ ಪಿಸ್ಟನ್ ಉಳಿಯುವುದಿಲ್ಲ. ಥ್ರಾಟಲ್ ಇಳಿಸಿದರೆ ಹೊಳೆ ಬಿಡುವುದಿಲ್ಲ. ಬಲಗಡೆ ಅಳಿವೆಯ ಬಿಳಿನೊರೆ ಕಾಣುತ್ತಿತ್ತು.

ಒಂದೇ ದಾರಿ. ಬಟ್ಟಲಿನ ತಳದ ತಿರುಪು ಬಿಚ್ಚಿ ಸೀಮೆಎಣ್ಣೆಯನ್ನು ಹೊರಗೆ ಚೆಲ್ಲಬೇಕು. ಒಳಗೆ ಒತ್ತಡ ತುಂಬಿದೆ, ಪಿಚಕಾರಿಯಂತೆ ಹಾರುತ್ತದೆ. ಹಾರಿದ್ದು ಪಕ್ಕದ ಟರ್ಬೋದ ಮೇಲೆ ಬಿದ್ದರೆ ಮುಗಿಯಿತು, ಅದರ ಹೊಟ್ಟೆ ಆಗಲೇ ಕೆಂಡದ ಬಣ್ಣಕ್ಕೆ ಬಂದಿತ್ತು. ನಾನು ಬಾಯಿ ಬಿಡುವ ಮೊದಲೇ ಮೂರ್ತಿಯವರು ಗೋಣಿಚೀಲವನ್ನು ಲಾಂಚಿನ ತಳದಲ್ಲಿ ನಿಂತ ನೀರಲ್ಲಿ ಅದ್ದಿ, ಮಡಿಸಿ, ಕಾರ್ಬುರೇಟರಿಗೂ ಟರ್ಬೋಗೂ ನಡುವೆ ಎರಡೂ ಕೈಯಲ್ಲಿ ಒಡ್ಡಿ ಹಿಡಿದರು. ಗೋಣಿಯಿಂದ ಹಬೆ ಏಳುತ್ತಿತ್ತು. "ಬಿಚ್ರೀ! ಬೇಗ ಬಿಚ್ರೀ!" ಎಂದರು.

ಬಿಚ್ಚಿದೆ. ಸೀಮೆಎಣ್ಣೆ ಮುಖಕ್ಕೆ, ಕಣ್ಣಿಗೆ, ಬಾಯಿಗೆ ಹೊಡೆಯಿತು. ಎಂಜಿನ್ ಬಿಕ್ಕಿತು, ಬಲ ಬಿಟ್ಟಿತು. ಹಿಂದೆ ಹಗ್ಗ ಸಡಿಲಾಗಿ ಜಂಗಲ್ ಕೆಳಗೆ ಜಾರತೊಡಗಿತ್ತು. ಯಾರೋ ಕೂಗಿದರು. ಮುಚ್ಚಲೇ? ಇನ್ನೂ ಸೀಮೆಎಣ್ಣೆ. ಮುಚ್ಚಲೇ? ಇನ್ನೂ. ಆಗ ನಾಲಗೆಗೆ ಬಂತು ಆ ರುಚಿ. ಅಹಾ, ಪೆಟ್ರೋಲು! ಕಣ್ಣು ಮುಚ್ಚಿಕೊಂಡೇ ತಿರುಪು ಬಿಗಿದೆ. ಎಂಜಿನ್ ಎರಡು ಸಲ ಕೆಮ್ಮಿ, ಬಡಿತ ಬಿಟ್ಟು, ಒಂದೇ ಗಂಟಲಲ್ಲಿ ಗರ್ಜಿಸಿತು. ಸಿಳ್ಳೆ ಏರಿತು, ಏರಿತು, ಏರಿತು! ಹಗ್ಗ ಮತ್ತೆ ಬಿಗಿಯಿತು. ವಾರದ ಮೇಲೆ ಬಿಚ್ಚಿ ನೋಡಿದಾಗ ಒಂದು ಪಿಸ್ಟನ್ನಿನ ಅಂಚು ಇಲಿ ತಿಂದ ರೊಟ್ಟಿಯಂತಿತ್ತು. ಇನ್ನು ಸ್ವಲ್ಪ ತಡೆದಿದ್ದರೆ ಈ ಕತೆ ಬರೆಯಲು ನಾನಿರುತ್ತಿರಲಿಲ್ಲ.

ಮೇಲೆ ಬಂದು ನೋಡಿದರೆ ಜಟ್ಟಿ ಚುಕ್ಕಾಣಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಹೊರಡುವಾಗಲೇ ಮೇಲ್ಭಾಗಕ್ಕೆ ಹಿಡಿದಿದ್ದನಲ್ಲ, ಅಷ್ಟು ಜಾರಿದರೂ ಕಾಸರಕೋಡಿನ ಕಟ್ಟೆ ನಮ್ಮ ಎದುರಿಗೇ ಇತ್ತು. ಅಳಿವೆಯನ್ನು ಒಮ್ಮೆ ನೋಡಿದವನ ಅಂದಾಜು ಅದು. ಜಂಗಲ್ ಕಟ್ಟೆಗೆ ತಾಗಿತು, ಹಗ್ಗ ಎಸೆದರು, ಯಾರೋ ಹಿಡಿದು ಗೂಟಕ್ಕೆ ಸುತ್ತಿದರು. ನಾನು ಎಂಜಿನ್ ನಿಲ್ಲಿಸಿದೆ.

ಬಂದರಿನ ಸಾಹೇಬರು ಇಳಿದು ಬಂದರು. ಮೂರ್ತಿಯವರ ಬೊಬ್ಬೆ ಬಂದ ಕೈ ನೋಡಿದರು, ಎಣ್ಣೆ ಸುರಿಯುವ ನನ್ನ ಮುಖ ನೋಡಿದರು. "ನಡುವೆ ಏನೋ ಆಯಿತು. ಏನು ಅಂತ ನಾನು ಕೇಳುವುದಿಲ್ಲ" ಎಂದರು. ಆಮೇಲೆ ಜಟ್ಟಿಯ ಕಡೆ ತಿರುಗಿ, "ಆಗಬಾರದ್ದು ಆದರೂ ಕಟ್ಟೆ ಮುಟ್ಟಿಸಿದೆಯಲ್ಲ, ಅದನ್ನೇ ನೋಡಲು ಬಂದಿದ್ದೆ. ಕಡವು ನಿಮ್ಮದೇ. ಈಗ ವಾಪಸ್ ಹೊರಡಿ, ನನ್ನ ಜೀಪು ಆಚೆ ದಡದಲ್ಲಿದೆ" ಎಂದರು.

ಜಟ್ಟಿಯ ಕಣ್ಣು ಕಟ್ಟೆಯ ಮೇಲಿದ್ದ ಹೆಂಗಸರ ಸಾಲಿನ ಮೇಲೆ ಇತ್ತು. ನಡುಹೊಳೆಯಲ್ಲಿ ಲಾಂಚು ಬಿಕ್ಕಿದ್ದು, ಜಂಗಲ್ ಜಾರಿದ್ದು ಎಲ್ಲವನ್ನೂ ಅವರು ಕಣ್ಣಾರೆ ಕಂಡಿದ್ದರು. ಮೊದಲು ಎದ್ದವಳು ದೇವಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತಲೆಗೇರಿಸಿ, ನಿಧಾನವಾಗಿ ಮೆಟ್ಟಿಲಿಳಿದು ನೇರ ನಮ್ಮ ಲಾಂಚಿಗೆ ಕಾಲಿಟ್ಟಳು. ಬುಟ್ಟಿಯನ್ನು ಜಟ್ಟಿಯ ಕಾಲಬುಡದಲ್ಲೇ ಇಳಿಸಿ, ಅದರ ಪಕ್ಕ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು.

ಜಟ್ಟಿ ಕೊರಡಿನಂತೆ ನಿಂತೇ ಇದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಲು ಚುಕ್ಕಾಣಿ ಬಿಡಲಿಲ್ಲ.

"ಎಂತ ನೋಡ್ತ್ಯೋ ಜಟ್ಟಿ?" ಎಂದಳು ದೇವಕಿ. "ಸಂತೆಗೆ ಹೊತ್ತಾತು. ಬಿಡು ಲಾಂಚು."